ಕೊನೆಗೌಡನ ಖಾಲಿ ತಿಂಗಳು



ಕಳೆದ ಶ್ರಾವಣದಲ್ಲಿ ನಮ್ಮ ತೋಟದ ಕೊನೆಗೌಡ ಗೋವೆಗೆ ಕೆಲಸಕ್ಕೆ ಹೋದವನು ಕೊಯ್ಲಿಗೆ ತಿರುಗಿ ಬರಲಿಲ್ಲ. ಬದಲಿ ಜನ ಸಿಗುವಷ್ಟರಲ್ಲಿ ಮೂರು ವಾರ ಕಳೆದು, ಕೊನೆಗಳು ಹಣ್ಣಾಗಿ ಉದುರಿದವು. ತಪ್ಪು ಅವನದಲ್ಲ. ಎರಡನೆಯ ಮದ್ದು ಹೊಡೆದಾದ ಮೇಲೆ ಕೊಯ್ಲಿನವರೆಗೆ ಅವನ ಒಲೆ ಹೇಗೆ ಉರಿಯಬೇಕೆಂದು ನಾನು ಕೇಳಿರಲಿಲ್ಲ.

ನಮ್ಮ ಕಷ್ಟವನ್ನು ಸರಕಾರ ಒಂದಿಷ್ಟು ಬಲ್ಲದು. ಕೃಷಿ ಆದಾಯಕ್ಕೆ ಆದಾಯಕರವಿಲ್ಲ. ಅಡಿಕೆಯನ್ನು ವಾಡಿಕೆಯಂತೆ ಬೇಯಿಸಿ ಒಣಗಿಸಿ ಮಾರಿದರೂ ಅದು ಕೃಷಿ ಆದಾಯವೇ. ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿಸಿ ಮಾರಿದರೆ ಶೇಕಡಾ 25, ಹುರಿದು ಪುಡಿ ಮಾಡಿ ಮಾರಿದರೆ ಶೇಕಡಾ 40 ಭಾಗವನ್ನು ವ್ಯಾಪಾರದ ಆದಾಯವೆಂದು ಎಣಿಸುತ್ತಾರೆ. ದಾಂಡೇಲಿ, ಜೋಯಿಡಾ ಕಡೆ ತೋಟದ ಮನೆಯಲ್ಲಿ ಹೋಂಸ್ಟೇ ನಡೆಸುವವರು ಮಾತ್ರ ಎಚ್ಚರದಿಂದಿರಬೇಕು: ಅತಿಥಿಗಳಿಂದ ಬಂದ ಹಣ ಕೃಷಿ ಆದಾಯವಲ್ಲ, ಅದರ ಲೆಕ್ಕವನ್ನು ಬೇರೆಯಾಗಿಯೇ ಇಡಬೇಕು.

ಬೇಸಾಯ ಅನಿಶ್ಚಿತವೆಂಬ ಕಾರಣಕ್ಕೆ ನಮಗೆ ಈ ವಿನಾಯಿತಿ ಬೇಕೆನ್ನುತ್ತೇವೆ. ಅದೇ ಅನಿಶ್ಚಿತತೆಯನ್ನು ಮರದ ತುದಿಯಲ್ಲಿ ಅನುಭವಿಸುವವನಿಗೆ ಏನಿದೆ? 1951ರ ಪ್ಲಾಂಟೇಶನ್ ಕಾರ್ಮಿಕ ಕಾಯಿದೆಯ ಪಟ್ಟಿಯಲ್ಲಿ ಕಾಫಿಯಿತ್ತು, ಅಡಿಕೆಯಿರಲಿಲ್ಲ. ಐದು ಹೆಕ್ಟೇರಿಗಿಂತ ಸಣ್ಣ ಕಾಫಿ ತೋಟಗಳೂ ಅದರ ಹೊರಗೇ ಉಳಿದವು. 2005ರ ಉದ್ಯೋಗ ಖಾತರಿ ಕಾಯಿದೆ ಕುಟುಂಬಕ್ಕೆ 100 ದಿನದ ಕೆಲಸ ಕೊಟ್ಟಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯಿದೆ ಅದನ್ನು 125 ದಿನಕ್ಕೆ ಏರಿಸಿ, ಬಿತ್ತನೆ-ಕೊಯ್ಲಿನ ಕಾಲದಲ್ಲಿ 60 ದಿನ ಕಾಮಗಾರಿಗೆ ಬಿಡುವು ಇಟ್ಟಿದೆ. ಆದರೆ ನಮ್ಮ ಸೀಮೆಯ ಮಳೆಯಲ್ಲಿ ಮಣ್ಣು ಕೆಲಸ ನಡೆಯುವುದೆಲ್ಲಿ?

ದಾರಿ ನಮ್ಮ ಜಿಲ್ಲೆಯಲ್ಲೇ ಇದೆ. ಕಾರವಾರದ ಕರಾವಳಿಯಲ್ಲಿ ಜೂನ್, ಜುಲೈ ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನುಗಾರರ ಉಳಿತಾಯ-ಪರಿಹಾರ ಯೋಜನೆಯಲ್ಲಿ ಮೀನುಗಾರ 1,500 ರೂಪಾಯಿ ಕೂಡಿಟ್ಟರೆ ಸರಕಾರಗಳು 3,000 ಸೇರಿಸಿ, ಕೆಲಸವಿಲ್ಲದ ಮೂರು ತಿಂಗಳಿಗೆ ಒಟ್ಟು 4,500 ರೂಪಾಯಿ ಕೊಡುವ ಏರ್ಪಾಡು ಮಾಡಿದವು. ಮೊತ್ತ ಸಣ್ಣದು, ತತ್ವ ದೊಡ್ಡದು.

‘ನಾವು ಮುಂಗಡ ಕೊಡುತ್ತೇವಲ್ಲ’ ಎನ್ನುವವರಿದ್ದಾರೆ. ಮುಂಗಡವೆಂದರೆ ಸಾಲ; ಅದು ಆಳನ್ನು ಕಟ್ಟಿಹಾಕುತ್ತದೆ, ಇಲ್ಲವೇ ಓಡಿಸುತ್ತದೆ. ಉಳಿತಾಯ ಅವನದೇ ಸ್ವತ್ತು.

ಆದುದರಿಂದ ಬರುವ ವಾರ್ಷಿಕ ಸಭೆಯ ಮುಂದೆ ನನ್ನ ಸೂಚನೆ ಇಷ್ಟು: ಕೊಯ್ಲಿನ ಕಾಲದಲ್ಲಿ ಕೊನೆಗೌಡರೂ ಅಡಿಕೆ ಸುಲಿಯುವ ಹೆಂಗಸರೂ ಕೂಲಿಯಲ್ಲಿ ಒಂದು ಪಾಲು ಸಂಘದಲ್ಲಿ ಕೂಡಿಡಲಿ. ತೋಟಿಗರು ತೂಕದ ದಿನ ಅಷ್ಟನ್ನೇ ಸೇರಿಸಲಿ. ಸಂಘವೂ ಲಾಭದಿಂದ ಒಂದು ಪಾಲು ಹಾಕಲಿ. ಶ್ರಾವಣದಿಂದ ಆಶ್ವೀಜದವರೆಗೆ ಮೂರು ಕಂತಿನಲ್ಲಿ ಅವರ ಖಾತೆಗೇ ಜಮೆಯಾಗಲಿ. ನಂತರ ಈ ಲೆಕ್ಕವನ್ನು ಹಿಡಿದು ಸರಕಾರದ ಪಾಲನ್ನೂ ಕೇಳೋಣ.

ಕ್ವಿಂಟಲಿಗೆ ತಗಲುವ ಖರ್ಚು ಎಷ್ಟೆಂದು ಸದಸ್ಯರು ಕೇಳುವುದು ಸರಿಯೇ. ಕೇಳುವ ಮುನ್ನ, ಕಳೆದ ವರ್ಷ ಆಳಿಲ್ಲದೆ ಉದುರಿದ ಅಡಿಕೆ ಎಷ್ಟೆಂಬುದನ್ನೂ ತಮ್ಮ ತಮ್ಮ ಅಂಗಳದಲ್ಲಿ ಲೆಕ್ಕ ಹಾಕಿಕೊಂಡು ಬರಬೇಕಾಗಿ ವಿನಂತಿ.

— ಕಾರ್ಯದರ್ಶಿ, ಕೋಗಿಲಬನ