ಹೆಸರು ಹಚ್ಚಬಂದ ಹುಡುಗ

ಜೂನ್ ಬಂತೆಂದರೆ ಧಾರವಾಡದಲ್ಲಿ ಮಳೆಯೊಡನೆ ಮಕ್ಕಳ ಹೆಸರು ಹಚ್ಚುವ ಗಡಿಬಿಡಿಯೂ ಮೊದಲಾಗುತ್ತದೆ. ಹೊಸ ಚೀಲ, ಹೊಸ ಕೊಡೆ, ತಂದೆಯ ಕೈಹಿಡಿದು ನಡೆಯುವ ಮಗು. ಈ ನೋಟ ವಾಚಕರಿಗೆ ಹೊಸತಲ್ಲ. 1856ರ ಜೂನ್ ತಿಂಗಳಲ್ಲಿಯೂ ಇದೇ ಊರಿನ ಸರಕಾರಿ ಶಾಲೆಗೆ ಹುಡುಗನೊಬ್ಬನು ಸೇರಬಯಸಿದನು. ಅವನು ಅಸ್ಪೃಶ್ಯರೆನಿಸಿಕೊಂಡಿದ್ದ ಮಹಾರ ಸಮಾಜದವನು. ಶಾಲೆಯ ಬಾಗಿಲು ತೆರೆಯಲಿಲ್ಲ.

ಹುಡುಗ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಧಾರವಾಡ ಆಗ ಮುಂಬಯಿ ಇಲಾಖೆಯಲ್ಲಿತ್ತು. ಅರ್ಜಿ ಮುಂಬಯಿ ಸರಕಾರದ ಮುಂದೆ ಹೋಯಿತು. ಜುಲೈ 21ರಂದು ಹೊರಟ ಠರಾವು ಇಂದಿಗೂ ಓದತಕ್ಕದ್ದು. ನ್ಯಾಯವು ಅರ್ಜಿದಾರನ ಕಡೆಗಿದೆಯೆಂದು ಅದು ಮೊದಲೇ ಒಪ್ಪಿಕೊಳ್ಳುತ್ತದೆ. ಆದರೆ ಒಬ್ಬಿಬ್ಬರಿಗಾಗಿ ಬಹುಕಾಲದ ಪೂರ್ವಗ್ರಹಕ್ಕೆ ಒಮ್ಮೆಲೇ ಕೈಹಾಕಿದರೆ ವಿದ್ಯಾಪ್ರಸಾರಕ್ಕೇ ಹಾನಿಯಾದೀತು. ಮೇಲಾಗಿ, ಈ ತೊಂದರೆಯನ್ನು ಹುಟ್ಟಿಸಿದ್ದು ಸರಕಾರವಲ್ಲ ಎಂದು ಕೈತೊಳೆದುಕೊಳ್ಳುತ್ತದೆ. ನ್ಯಾಯ ನಿನ್ನದು, ಶಾಲೆ ಮಾತ್ರ ಉಳಿದವರದು! ಗದರಿಸಿ ಅಟ್ಟಿದ್ದರೂ ಇಷ್ಟು ನೋಯುತ್ತಿರಲಿಲ್ಲವೇನೋ. ಆ ವಿದ್ಯಾಪ್ರಸಾರದಲ್ಲಿ ಅವನೊಬ್ಬನ ವಿದ್ಯೆ ಮಾತ್ರ ಲೆಕ್ಕಕ್ಕೆ ಬರಲಿಲ್ಲ.

ಕಾಗದ ಕಲಕತ್ತೆಗೆ ಹೋಯಿತು. ಬಂಗಾಲದ ಸರಕಾರಿ ಶಾಲೆಗಳಲ್ಲಿ ಇಂಥ ಹುಡುಗನನ್ನು ಹೊರಗಿಡುತ್ತಿರಲಿಲ್ಲವೆಂದು ಹಿಂದುಸ್ಥಾನ ಸರಕಾರವು 1857ರ ಜನವರಿಯಲ್ಲಿ ಬರೆಯಿತು. ಕೊನೆಗೆ 1858ರ ಏಪ್ರಿಲ್ 28ರಂದು ಲಂಡನ್ನಿನಿಂದ ಕುಂಪಣಿಯ ನಿರ್ದೇಶಕರ ಆಜ್ಞೆ ಹೊರಟಿತು: ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದವು, ಒಪ್ಪದವರು ತಮ್ಮ ಹಣದಿಂದ ಬೇರೆ ಶಾಲೆ ಕಟ್ಟಿಕೊಳ್ಳಲಿ. ಮಾತೇನೋ ಖಡಾಖಂಡಿತ. ಅಷ್ಟರಲ್ಲಿ ಇಪ್ಪತ್ತೆರಡು ತಿಂಗಳು ಸಂದಿದ್ದವು. ಕಚೇರಿಯ ಕಡತಕ್ಕೆ ಅದು ಅಲ್ಪಕಾಲ. ಅಕ್ಷರ ಕಲಿಯಬೇಕಾದವನಿಗೆ ಹತ್ತಿರ ಹತ್ತಿರ ಎರಡು ವರ್ಷದ ಪಾಠ.

ಆಜ್ಞೆಯಿಂದ ಬಾಗಿಲು ತೆರೆಯಬಹುದು, ಒಳಗಿನ ಚಾಪೆ ಒಂದಾಗುವುದಿಲ್ಲ. ಸುಮಾರು ನಾಲ್ಕು ದಶಕಗಳ ತರುವಾಯ ಅದೇ ಇಲಾಖೆಯ ಸಾತಾರೆಯಲ್ಲಿ ಬಾಲಕ ಭೀಮರಾವ ಅಂಬೇಡಕರರು ತರಗತಿಯಲ್ಲಿ ಬೇರೆಯಾಗಿ ಗೋಣಿತಟ್ಟಿನ ಮೇಲೆ ಕುಳಿತರು. ಶಾಲೆ ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲವಾದುದರಿಂದ ಸಂಜೆ ಮನೆಗೊಯ್ದು ಮರುದಿನ ಮತ್ತೆ ತರಬೇಕಾಗಿತ್ತು. ನಲ್ಲಿ ತಿರುಗಿಸಲು ಜವಾನ ಬಾರದ ದಿನ ನೀರೂ ಇಲ್ಲ.

ಅದೇ ಬಾಲಕ ಬೆಳೆದು, 1928ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಮುಂಬಯಿ ಇಲಾಖೆಯ ದಲಿತರ ಶಿಕ್ಷಣದ ಸ್ಥಿತಿಯನ್ನು ಸಾಯಮನ್ ಆಯೋಗಕ್ಕೆ ನಿವೇದಿಸಿದಾಗ, ಧಾರವಾಡದ ಆ ಹುಡುಗನ ಅರ್ಜಿಯನ್ನೂ ಅದಕ್ಕೆ ದೊರೆತ ಠರಾವನ್ನೂ ಮತ್ತೆ ಬಿಚ್ಚಿಟ್ಟರು.