ಹದಿಹರೆಯದವರಿಗೆ ಎ.ಆರ್.ಟಿ. ಔಷಧಿ: ವಯಸ್ಸಲ್ಲ, ತೂಕವೇ ಆಧಾರ

ಉಚಿತ ಎ.ಆರ್.ಟಿ. ಚಿಕಿತ್ಸೆಯು 2004ರಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯೂ ಸೇರಿದಂತೆ ದೇಶದ ಆಯ್ದ ಕೇಂದ್ರಗಳಲ್ಲಿ ಆರಂಭಗೊಂಡಿತು. 2006ರಲ್ಲಿ ಮಕ್ಕಳಿಗೆ ಪ್ರತ್ಯೇಕ ಕಾರ್ಯಕ್ರಮ ಜಾರಿಗೆ ಬಂದಿತು. ಹುಟ್ಟಿನಿಂದಲೇ ಹೆಚ್.ಐ.ವಿ. ಸೋಂಕಿರುವ ಮಕ್ಕಳು ಹದಿಹರೆಯಕ್ಕೆ ಬಂದಾಗ ಔಷಧಿಯ ಪ್ರಮಾಣ ನಿರ್ಧಾರವು ಮುಖ್ಯ ವಿಷಯವಾಗುತ್ತದೆ.

ಸೋಂಕಿನಿಂದ ಬೆಳವಣಿಗೆ ಕುಂಠಿತವಾದಲ್ಲಿ 14 ವರ್ಷದವರೂ 25 ಕಿ.ಗ್ರಾಂ. ಮಾತ್ರ ತೂಗಬಹುದು. 20 ಕಿ.ಗ್ರಾಂ. ತಲುಪಿದವರಿಗೆ ಡೊಲುಟೆಗ್ರಾವಿರ್ 50 ಮಿ.ಗ್ರಾಂ. ನೀಡಬಹುದಾದರೂ, ಟೆನೊಫೊವಿರ್ ಒಳಗೊಂಡ ವಯಸ್ಕರ ಸಂಯುಕ್ತ ಮಾತ್ರೆಗೆ 30 ಕಿ.ಗ್ರಾಂ. ತೂಕ ಅವಶ್ಯಕ. ಕ್ಷಯರೋಗಕ್ಕೆ ರಿಫಾಂಪಿಸಿನ್ ಸೇವಿಸುವವರಿಗೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಬಾರಿ ಬೇಕಾಗುತ್ತದೆ. ಪ್ರಮಾಣ ಕಡಿಮೆಯಾದಲ್ಲಿ ವೈರಾಣು ಔಷಧಿಗೆ ಬಗ್ಗದಂತಾಗುವ ಅಪಾಯವಿದೆ.

ಆದುದರಿಂದ ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಪೋಷಕರು ಎ.ಆರ್.ಟಿ. ಕೇಂದ್ರದ ಪ್ರತಿ ಭೇಟಿಯಲ್ಲೂ ಮಕ್ಕಳ ತೂಕವನ್ನು ದಾಖಲಿಸಿಕೊಳ್ಳತಕ್ಕದ್ದು. ಮಾಹಿತಿಗೆ ಉಚಿತ ದೂರವಾಣಿ: 1097.