ಬಟನ್ ಒತ್ತಿ ಕಟ್ಟಿದ ಪ್ರೊಸೆಸರ್

ಇಂಟರ್‌ವ್ಯೂಗೆ ಬರೋ ಹುಡುಗ ಹುಡುಗಿಯರ ರೆಸ್ಯೂಮೆಯಲ್ಲಿ ಈಗೀಗ ಒಂದು ಸಾಲು ಮತ್ತೆ ಮತ್ತೆ ಕಾಣುತ್ತೆ: "ಎಫ್‌ಪಿಜಿಎ ಮೇಲೆ ಎಂಬೆಡೆಡ್ ಪ್ರೊಸೆಸರ್ ಸಿಸ್ಟಂ ಕಟ್ಟಿದ್ದೇನೆ." ಓದಿ ಖುಷಿಯಾಗುತ್ತೆ. ಹಾಗಾಗಿ ನಾನು ಅವರನ್ನ ಮೊದಲು ಕೇಳೋದು ಒಂದೇ ಪ್ರಶ್ನೆ: "ಕರೆಂಟ್ ಕೊಟ್ಟ ಕೂಡಲೇ ನಿಮ್ಮ ಪ್ರೊಸೆಸರ್ ಓದಿದ ಮೊದಲನೇ ಇನ್‌ಸ್ಟ್ರಕ್ಷನ್ ಎಲ್ಲಿತ್ತು? ಅದನ್ನ ಅಲ್ಲಿ ಇಟ್ಟವರು ಯಾರು?" ಬಹಳಷ್ಟು ಸಲ ಸಿಗೋ ಉತ್ತರ, "ಅದನ್ನ ಟೂಲೇ ಮಾಡುತ್ತೆ ಸರ್."

ಇವರು ದಡ್ಡರಲ್ಲ. ಕಲಿಸಿದ್ದೇ ಹಾಗೆ. ಆ ಕಲಿಸುವ ರೀತಿ ಬಗ್ಗೆ ನನ್ನ ತಕರಾರು.

ಕವಿತೆ, ಹರಟೆ, ಪ್ರವಾಸ ಕಥನ ಬರೆಯೋ ನಮ್ಮ ಬ್ಲಾಗಿಗ ಮಿತ್ರರಿಗೆ ಮೊದಲು ಎರಡು ಮಾತು. ಮಾಮೂಲಿ ಚಿಪ್ ಅಂದ್ರೆ ಶಿಲಾಶಾಸನ, ಕೆತ್ತಿದ್ದು ಕೆತ್ತಿದಂಗೆ. ಎಫ್‌ಪಿಜಿಎ ಅಂದ್ರೆ ಸ್ಲೇಟು. ಅದರೊಳಗೆ ಸಾವಿರಾರು ಪುಟ್ಟ ಕೋಷ್ಟಕಗಳಿರುತ್ತವೆ. ನಾಲ್ಕು ತಂತಿ ಒಳಗೆ, ಒಂದು ಹೊರಗೆ, ಮಧ್ಯೆ ಹದಿನಾರು ಸಾಲಿನ ಮಗ್ಗಿ. ಆ ಮಗ್ಗಿಯಲ್ಲಿ ಏನಿರಬೇಕು, ಯಾವ ತಂತಿ ಯಾವುದಕ್ಕೆ ಸೇರಬೇಕು ಅಂತ ನಾವು ಹೇಳಬಹುದು. ವೆರಿಲಾಗ್ ಅನ್ನೋ ಭಾಷೆಯಲ್ಲಿ ಸರ್ಕ್ಯೂಟ್ ಬರೆದರೆ ಟೂಲ್ ಆ ಕೋಷ್ಟಕಗಳನ್ನ ತುಂಬಿಕೊಡುತ್ತೆ. 1985ರಲ್ಲಿ ಜೈಲಿಂಕ್ಸ್ ತಂದ ಮೊದಲ ಎಫ್‌ಪಿಜಿಎ, ಎಕ್ಸ್‌ಸಿ2064, ಅದರಲ್ಲಿ ಬರೀ 64 ಲಾಜಿಕ್ ಬ್ಲಾಕ್ ಇದ್ವು. ಈಗಿನ ದೊಡ್ಡವುಗಳಲ್ಲಿ ಲಕ್ಷಗಟ್ಟಲೆ. ಅಂದ್ರೆ ಬೆಳಿಗ್ಗೆ ಒಂದು ಪ್ರೊಸೆಸರ್ ಬರೆದು, ಮಧ್ಯಾಹ್ನ ಊಟಕ್ಕೆ ಮುಂಚೆ ಅಳಿಸಿ, ಇನ್ನೊಂದು ಬರೆಯಬಹುದು. (ಲುಕಪ್ ಟೇಬಲ್‌ಗೆ ಕನ್ನಡದಲ್ಲಿ ಏನನ್ನಬೇಕು ಅಂತ ಜಗಳಕ್ಕೆ ಬರಬೇಡಿ, ಸದ್ಯಕ್ಕೆ ಮಗ್ಗಿ ಸಾಕು :-))

ಈಗ ತಕರಾರಿಗೆ ಬರ್ತೀನಿ. ಕಾಲೇಜುಗಳಲ್ಲಿ, ಕೋರ್ಸುಗಳಲ್ಲಿ ಸಾಮಾನ್ಯವಾಗಿ ಕಲಿಸೋದು ಹೀಗೆ: ವಿವಾಡೊ ತೆಗಿ. ಖಾಲಿ ಹಾಳೆ ಮೇಲೆ ಮೈಕ್ರೋಬ್ಲೇಜ್ ಪ್ರೊಸೆಸರನ್ನ ಎಳೆದು ಹಾಕು. "ನಾನೇ ಜೋಡಿಸಲಾ?" ಅಂತ ಟೂಲ್ ಕೇಳುತ್ತೆ, ಹೂಂ ಅನ್ನು. ಮೆಮೊರಿ, ಬಸ್, ಸೀರಿಯಲ್ ಪೋರ್ಟ್ ಎಲ್ಲಾ ತಾವೇ ಬಂದು ಕೂರುತ್ತವೆ. ವಿಳಾಸಗಳೂ ತಾವೇ ಹಂಚಿಕೆಯಾಗುತ್ತವೆ. "ಹಲೋ ವರ್ಲ್ಡ್" ಪ್ರೋಗ್ರಾಂ ಕೂಡ ಸಿದ್ಧವಾಗೇ ಸಿಗುತ್ತೆ. ಅರ್ಧ ದಿನದ ಕೆಲಸ, ಲ್ಯಾಬ್ ರೆಕಾರ್ಡ್‌ಗೆ ನಾಲ್ಕು ಸ್ಕ್ರೀನ್‌ಶಾಟ್. ಮೈಕ್ರೋಬ್ಲೇಜ್ ಒಳ್ಳೆ ಪ್ರೊಸೆಸರ್, ಅದರ ಮೇಲೆ ನನಗೆ ಯಾವ ಕೋಪವೂ ಇಲ್ಲ. ಆದರೆ ಈ ಅರ್ಧ ದಿನದಲ್ಲಿ ಹುಡುಗ ಕಲಿತದ್ದು ಮೆನು. ಹೋಟೆಲ್ ಮೆನು ಬಾಯಿಪಾಠ ಮಾಡಿದವನಿಗೆ ಸಾರು ಮಾಡೋಕೆ ಬರುತ್ತೇನ್ರೀ?

ಮೆನುಗೆ ಇನ್ನೊಂದು ಕಷ್ಟ ಇದೆ, ಅದು ಬದಲಾಗ್ತಾ ಇರುತ್ತೆ. ಜೈಲಿಂಕ್ಸ್‌ನ ಐಎಸ್‌ಇ ಟೂಲ್ ಕಲಿತು ಕೂತಿದ್ದವರಿಗೆ 2012ರಲ್ಲಿ ವಿವಾಡೊ ಬಂತು, 2013ರ ಆವೃತ್ತಿಗೆ ಐಎಸ್‌ಇ ನಿಂತೇ ಹೋಯ್ತು. ಆಲ್ಟೆರಾ ಕಡೆಯವರ ನಿಯೋಸ್-2 ಪ್ರೊಸೆಸರ್ 2004ರಿಂದ ಎಷ್ಟೋ ಪಠ್ಯಗಳಲ್ಲಿತ್ತು. 2023ರಲ್ಲಿ ಅದನ್ನೂ ನಿಲ್ಲಿಸ್ತೀವಿ ಅಂದ್ರು, ಅದರ ಜಾಗಕ್ಕೆ ರಿಸ್ಕ್-ಫೈವ್ ಆಧಾರಿತ ನಿಯೋಸ್-ಫೈವ್ ಬಂತು. ಮೆನು ಮಾತ್ರ ಗೊತ್ತಿದ್ದವರು ಪ್ರತಿ ಸಲವೂ ಮೊದಲಿಂದ ಶುರು ಮಾಡಬೇಕು.

ಹಾಗಾದ್ರೆ ಸೊನ್ನೆಯಿಂದ ಅಂದ್ರೆ ಹೇಗೆ? ನನ್ನ ಪ್ರಕಾರ ಚಿಕ್ಕ ಬೋರ್ಡ್ ಹಿಡಿಯಬೇಕು, ಚಿಕ್ಕದು ಅಂದ್ರೆ ನಿಜವಾಗ್ಲೂ ಚಿಕ್ಕದು. ಲ್ಯಾಟಿಸ್ ಕಂಪನಿಯ ಐಸ್‌ಸ್ಟಿಕ್ ಪೆನ್‌ಡ್ರೈವ್ ಥರ ಯುಎಸ್‌ಬಿಗೆ ಸಿಕ್ಕಿಸೋ ಬೋರ್ಡ್. ಅದರಲ್ಲಿರೋದು 1280 ಲಾಜಿಕ್ ಸೆಲ್, 8 ಕಿಲೋಬೈಟ್ ಮೆಮೊರಿ, 12 ಮೆಗಾಹರ್ಟ್ಜ್ ಗಡಿಯಾರ, ಐದು ಎಲ್‌ಇಡಿ. ಇಷ್ಟರಲ್ಲೇ 32 ಬಿಟ್ ಪ್ರೊಸೆಸರ್ ಹಿಡಿಯುತ್ತೆ! ಫ್ರಾನ್ಸಿನ ಬ್ರೂನೊ ಲೆವಿ ಅನ್ನೋ ಸಂಶೋಧಕರು ಇದನ್ನ ಮಾಡಿ ತೋರಿಸಿ, ಎಲ್‌ಇಡಿ ಮಿನುಗಿಸೋದರಿಂದ ಹಿಡಿದು ಪ್ರೊಸೆಸರ್ ತನಕ ಮೆಟ್ಟಿಲು ಮೆಟ್ಟಿಲಾಗಿ ಬರೆದಿಟ್ಟಿದ್ದಾರೆ. 2015ರಲ್ಲಿ ಐಸ್‌ಸ್ಟಾರ್ಮ್ ಯೋಜನೆಯವರು ಈ ಚಿಪ್‌ಗೆ ಹೋಗೋ ಬಿಟ್‌ಸ್ಟ್ರೀಮ್‌ನ ಗುಟ್ಟನ್ನ ಬಿಡಿಸಿದ ಮೇಲೆ ಟೂಲ್‌ಗಳೂ ಮುಕ್ತ ತಂತ್ರಾಂಶವೇ. ಹತ್ತಾರು ಗಿಗಾಬೈಟ್ ಡೌನ್‌ಲೋಡ್ ಮಾಡೋ ತಾಪತ್ರಯ ಇಲ್ಲ.

ಮೊದಲು ಕೌಂಟರ್ ಬರೆದು ಎಲ್‌ಇಡಿ ಮಿನುಗಿಸಿ. ಆಮೇಲೆ ಸೀರಿಯಲ್ ಪೋರ್ಟ್‌ನಲ್ಲಿ ಒಂದು ಅಕ್ಷರ ಕಳಿಸೋ ಸರ್ಕ್ಯೂಟನ್ನ ಕೈಯಾರೆ ಬರೀರಿ. ಸೆಕೆಂಡಿಗೆ 115200 ಬಿಟ್ ಹೋಗಬೇಕು, ಗಡಿಯಾರ 12 ಮೆಗಾಹರ್ಟ್ಜ್, ಭಾಗಿಸಿದರೆ 104 ಚಿಲ್ಲರೆ. ಅಂದ್ರೆ 104 ಟಿಕ್‌ಗೆ ಒಂದು ಬಿಟ್. ಈ ಸಂಖ್ಯೆ ತಪ್ಪಿದರೆ ಪರದೆ ಮೇಲೆ ಕಸ ಬರುತ್ತೆ. ಆ ಕಸವನ್ನ ಒಂದು ಸಲ ನೋಡಿ ಕಾರಣ ಹುಡುಕಿದವರು ಬಾಡ್ ರೇಟ್ ಅಂದ್ರೇನು ಅಂತ ಜನ್ಮದಲ್ಲಿ ಮರೆಯಲ್ಲ.

ಆಮೇಲೆ ಪ್ರೊಸೆಸರ್. ರಿಸ್ಕ್-ಫೈವ್‌ನ 32 ಬಿಟ್ ಮೂಲ ಗಣದಲ್ಲಿ ಇರೋದು 40 ಇನ್‌ಸ್ಟ್ರಕ್ಷನ್, ಅದರಲ್ಲಿ ಮೂರನ್ನ ಶುರುವಿಗೆ ಪಕ್ಕಕ್ಕಿಡಬಹುದು. ಮೆಮೊರಿಯಿಂದ ತರು, ಅರ್ಥ ಬಿಡಿಸು, ಮಾಡು, ಫಲಿತಾಂಶ ಬರೆ. ಕೆಲವು ನೂರು ಸಾಲು ವೆರಿಲಾಗ್‌ನಲ್ಲಿ ಮುಗಿಯುತ್ತೆ. ಇಲ್ಲಿ ಎಲ್ಲರೂ ಎಡವೋ ಕಲ್ಲು ಒಂದಿದೆ: ಚಿಪ್‌ನ ಬ್ಲಾಕ್ ರ‍್ಯಾಮ್‌ಗೆ ಇವತ್ತು ವಿಳಾಸ ಕೊಟ್ಟರೆ ಉತ್ತರ ಬರೋದು ನಾಳೆ, ಅಂದ್ರೆ ಮುಂದಿನ ಟಿಕ್‌ಗೆ. ಅದಕ್ಕೇ ಪ್ರೊಸೆಸರ್‌ಗೆ "ಕಾಯಿ" ಅನ್ನೋ ಒಂದು ಸ್ಥಿತಿ ಬೇಕಾಗುತ್ತೆ. ಪುಸ್ತಕದಲ್ಲಿ ಐದು ಸಲ ಓದಿದರೂ ಇದು ತಲೆಗೆ ಹತ್ತಲ್ಲ, ಸಿಮ್ಯುಲೇಶನ್‌ನ ಅಲೆಗಳಲ್ಲಿ ಒಂದು ಸಲ ನೋಡಿದರೆ ಹತ್ತುತ್ತೆ.

ವಿಳಾಸದ ಒಂದು ಬಿಟ್ ಸೊನ್ನೆಯಾದರೆ ಮೆಮೊರಿ, ಒಂದಾದರೆ ಎಲ್‌ಇಡಿ ಮತ್ತು ಸೀರಿಯಲ್ ಪೋರ್ಟ್. ಮೆಮೊರಿ ಮ್ಯಾಪ್ಡ್ ಐಒ ಅಂತ ಪರೀಕ್ಷೆಗೆ ಎರಡು ಪುಟ ಬರೆಸ್ತಾರಲ್ಲ, ಅದು ಇಷ್ಟೇ!

ನನಗೆ ಎಲ್ಲಕ್ಕಿಂತ ಇಷ್ಟವಾಗೋದು ಇದರ ಮುಂದಿನ ಭಾಗ. ಈ ಪ್ರೊಸೆಸರ್ ಮೇಲೆ ಸಿ ಪ್ರೋಗ್ರಾಂ ಓಡಿಸಬೇಕು. ಕಂಪೈಲರ್ ಸಿಗುತ್ತೆ, ಆದರೆ ಕೋಡ್ ಯಾವ ವಿಳಾಸದಲ್ಲಿ ಕೂರಬೇಕು ಅಂತ ಲಿಂಕರ್‌ಗೆ ನೀವೇ ಹೇಳಬೇಕು. ಸ್ಟಾಕ್ ಎಲ್ಲಿಂದ ಶುರು ಅಂತ ಹೇಳಿ, ಮೇನ್ ಫಂಕ್ಷನ್ನನ್ನ ಕರೆಯೋ ಎರಡು ಸಾಲು ಅಸೆಂಬ್ಲಿಯನ್ನೂ ನೀವೇ ಬರೀಬೇಕು. ಮೊದಲನೇ ಇನ್‌ಸ್ಟ್ರಕ್ಷನ್ ಇಟ್ಟವರು ಯಾರು ಅನ್ನೋ ನನ್ನ ಪ್ರಶ್ನೆಗೆ ಉತ್ತರ ಅಲ್ಲಿದೆ: "ನಾನೇ ಸರ್."

ಕನ್ನಡ ಬ್ಲಾಗಿಗರಿಗೆ ಇಲ್ಲೊಂದು ಬೋನಸ್. "ಹಲೋ ವರ್ಲ್ಡ್" ಬದಲು "ನಮಸ್ಕಾರ" ಕಳಿಸಿ. ಯೂನಿಕೋಡ್‌ನಲ್ಲಿ ಅದು ಏಳು ಸಂಕೇತ, ಯುಟಿಎಫ್-8ನಲ್ಲಿ ಒಂದೊಂದಕ್ಕೆ ಮೂರು ಬೈಟ್, ಒಟ್ಟು 21 ಬೈಟ್. ಪ್ರತಿ ಬೈಟ್‌ಗೆ ಶುರು ಮತ್ತು ಕೊನೆಯ ಬಿಟ್ ಸೇರಿಸಿ ಹತ್ತು ಬಿಟ್, ಎರಡು ಮಿಲಿಸೆಕೆಂಡ್ ಕೂಡ ಹಿಡಿಯಲ್ಲ. ಪ್ರೊಸೆಸರ್‌ಗೆ ಕನ್ನಡದ ಗಂಧ ಗಾಳಿ ಇಲ್ಲ, ಅದು 21 ಸಂಖ್ಯೆಗಳನ್ನ ಸಾಗಿಸುತ್ತೆ ಅಷ್ಟೇ. ಸ ಮತ್ತು ಕ ಸೇರಿ ಒತ್ತಕ್ಷರ ಆಗೋದು ಈ ಕಡೆಯ ಪರದೆಯಲ್ಲಿ. ಫಾಂಟ್ ಸರಿ ಇಲ್ಲದೆ ಚೌಕ ಚೌಕ ನೋಡಿ ಒದ್ದಾಡಿದ ನಮಗೆಲ್ಲ ಅದರ ಮಜಾ ಬೇರೆ.

ಇದಕ್ಕೆ ಬರೋ ಆಕ್ಷೇಪಣೆ ಗೊತ್ತು. "ಕಂಪನಿಗಳಿಗೆ ವಿವಾಡೊ ಬೇಕು, ಆಕ್ಸಿ ಬಸ್ ಬೇಕು, ನಿಮ್ಮ ಆಟಿಕೆ ಯಾರಿಗೆ ಬೇಕು?" ಅರ್ಧ ನಿಜ. ಡಿಡಿಆರ್ ಮೆಮೊರಿ ಕಂಟ್ರೋಲರನ್ನ ಕೆಲಸದಲ್ಲಿ ಕೈಯಾರೆ ಬರೀತೀನಿ ಅಂತ ಹೊರಟವರನ್ನ ನಾನೇ ತಡೀತೀನಿ, ಅಲ್ಲಿ ಕಂಪನಿಯ ಸಿದ್ಧ ಬ್ಲಾಕೇ ಸರಿ. ನನ್ನ ವಾದ ಬರೀ ಕ್ರಮದ ಬಗ್ಗೆ. ಸ್ವಂತ ಬಸ್ ಕಟ್ಟಿದವರಿಗೆ ಆಕ್ಸಿ ಅರ್ಥವಾಗೋಕೆ ಒಂದು ವಾರ ಸಾಕು. ಎಳೆದು ಹಾಕಿದ ಆಕ್ಸಿ ಒಂದು ದಿನ ಮುಷ್ಕರ ಹೂಡಿದಾಗ, ಮತ್ತೆ ಮತ್ತೆ ಅದೇ ಬಟನ್ ಒತ್ತೋದು ಬಿಟ್ಟು ಇನ್ನೊಬ್ಬರಿಗೆ ಬೇರೆ ದಾರಿ ಇರಲ್ಲ.

"ಇದೆಲ್ಲ ಎಳೆಯರಿಗೆ, ನಮಗೆ ವಯಸ್ಸಾಯ್ತು" ಅನ್ನೋರಿಗೂ ಒಂದು ಮಾತು. ಪಾಸ್ಕಲ್ ಭಾಷೆ ಕೊಟ್ಟ ನಿಕ್ಲಾಸ್ ವಿರ್ತ್ (2024ರ ಜನವರಿ 1ರಂದು ತೀರಿಕೊಂಡರು) ತಮ್ಮ ಒಬೆರಾನ್ ಪುಸ್ತಕವನ್ನ ಪರಿಷ್ಕರಿಸೋಕೆ ಕೂತಾಗ, ಅದು ಓಡ್ತಾ ಇದ್ದ ಹಳೆ ಪ್ರೊಸೆಸರ್ ಮಾರುಕಟ್ಟೆಯಲ್ಲೇ ಇರಲಿಲ್ಲ. ಈಗಿನವು ಪುಸ್ತಕದಲ್ಲಿ ವಿವರಿಸೋಕೆ ಆಗದಷ್ಟು ಸಂಕೀರ್ಣ. ಅದಕ್ಕೆ ಸ್ಪಾರ್ಟನ್-3 ಎಫ್‌ಪಿಜಿಎ ಬೋರ್ಡ್ ಇಟ್ಟುಕೊಂಡು ತಾವೇ ಒಂದು ಪ್ರೊಸೆಸರ್ ವಿನ್ಯಾಸ ಮಾಡಿದರು. ಹೊಸ ಆವೃತ್ತಿ 2013ರಲ್ಲಿ ಬಂದಾಗ ಅವರಿಗೆ 79!

ನಮ್ಮ ಕಡೆಯದೇ ಬೇಕು ಅನ್ನೋರಿಗೆ ಐಐಟಿ ಮದ್ರಾಸಿನ ಶಕ್ತಿ ಪ್ರೊಸೆಸರ್ ಇದೆ. 2018ರಲ್ಲಿ ಚಿಪ್ ಆಗಿ ಬಂತು, ಮೂಲ ಕೋಡ್ ಮುಕ್ತ, ಆರ್ಟಿ ಎ7 ಎಫ್‌ಪಿಜಿಎ ಬೋರ್ಡ್ ಮೇಲೆ ಹಾಕಿ ಓಡಿಸಬಹುದು. ಆದರೆ ಅದನ್ನ ಬರೆದಿರೋದು ಬ್ಲೂಸ್ಪೆಕ್ ಅನ್ನೋ ಭಾಷೆಯಲ್ಲಿ, ಗಾತ್ರವೂ ದೊಡ್ಡದು. ಮೊದಲ ಮೆಟ್ಟಿಲಿಗೆ ಬೇಡ, ಮೂರನೇದಕ್ಕೆ ಇರಲಿ.

ಬೋರ್ಡ್‌ಗೆ ದುಡ್ಡಿಲ್ಲದ ವಿದ್ಯಾರ್ಥಿಗಳು ಕಾಯಬೇಕಾಗಿಲ್ಲ. ಐಕಾರಸ್ ವೆರಿಲಾಗ್, ಅಲೆಗಳನ್ನ ನೋಡೋಕೆ ಜಿಟಿಕೆವೇವ್, ಎರಡೂ ಉಚಿತ, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತವೆ. ಮೇಲೆ ಹೇಳಿದ ಪ್ರೊಸೆಸರ್, "ನಮಸ್ಕಾರ"ದ 21 ಬೈಟ್ ಸಮೇತ, ಪೂರ್ತಿಯಾಗಿ ಸಿಮ್ಯುಲೇಶನ್‌ನಲ್ಲೇ ಕಟ್ಟಬಹುದು. ಎಲ್‌ಇಡಿ ಮಾತ್ರ ಮಿನುಗಲ್ಲ.